ಹಿಂದಿನ ಆಸನ ಬರಿದಾದಾಗ

ಬೇಸಗೆಯ ಮಧ್ಯಾಹ್ನ ತಾರಸಿಯ ಮೇಲೆ ಹಪ್ಪಳ ಸಂಡಿಗೆಗಳನ್ನು ಒಣಹಾಕಿ ಕಾವಲು ಕುಳಿತವರಿಗೆಲ್ಲ ಚಿರಪರಿಚಿತವಾದ ನೋಟವೊಂದುಂಟು. ಬಹು ಎತ್ತರದಲ್ಲಿ ಹದ್ದೊಂದು ರೆಕ್ಕೆಗಳನ್ನು ಚಾಚಿಕೊಂಡು ಸುತ್ತು ಹಾಕುತ್ತಿರುತ್ತದೆ. ಎಷ್ಟು ಹೊತ್ತು ನೋಡಿದರೂ ಅದು ರೆಕ್ಕೆ ಬಡಿಯುವುದಿಲ್ಲ. ಆದರೂ ಕೆಳಗಿಳಿಯುವುದರ ಬದಲು ಒಂದೊಂದು ಸುತ್ತಿಗೂ ಇನ್ನಷ್ಟು ಮೇಲೇರಿ, ಕೊನೆಗೆ ಕಣ್ಣಿಗೆ ಚುಕ್ಕೆಯಂತೆ ಕಾಣುತ್ತದೆ. ಕಾದ ನೆಲದಿಂದ ಮೇಲೇಳುವ ಬಿಸಿಗಾಳಿ ಅದನ್ನು ಎತ್ತಿಕೊಂಡು ಹೋಗುತ್ತದೆ ಎಂಬುದು ಆ ಹಕ್ಕಿಗೆ ಹುಟ್ಟಿನಿಂದ ಬಂದ ತಿಳಿವಳಿಕೆ. ಮನುಷ್ಯನಾದರೋ ಅದನ್ನು ಕಷ್ಟಪಟ್ಟು ಕಲಿಯಬೇಕಾಯಿತು. ಹಾಗೆ ಕಲಿತು ಅವನು ಕಟ್ಟಿಕೊಂಡ ರೆಕ್ಕೆಯೇ ಗ್ಲೈಡರ್.

ಗ್ಲೈಡರಿಗೆ ಎಂಜಿನ್ ಇಲ್ಲ, ಪೆಟ್ರೋಲಿನ ಗೊಡವೆಯಿಲ್ಲ. ಹಾಗಾದರೆ ಅದು ಬೀಳದೆ ಮುಂದೆ ಹೋಗುವುದಾದರೂ ಹೇಗೆ? ಇಳಿಜಾರಿನಲ್ಲಿ ಬಿಟ್ಟ ಬೈಸಿಕಲ್ಲು ತುಳಿಯದೆಯೇ ಓಡುವಂತೆ ಗ್ಲೈಡರು ಗಾಳಿಯಲ್ಲಿ ಜಾರುತ್ತದೆ. ಕೊಂಚ ಕೊಂಚವಾಗಿ ಎತ್ತರವನ್ನು ಕಳೆದುಕೊಂಡು ಅದಕ್ಕೆ ಬದಲಾಗಿ ದೂರವನ್ನು ಪಡೆಯುತ್ತದೆ. ಇಂದು ಹಲವು ದೇಶಗಳ ತರಬೇತಿ ಶಾಲೆಗಳಲ್ಲಿ ಬಳಕೆಯಲ್ಲಿರುವ ಎ.ಎಸ್.ಕೆ. ೨೧ ಎಂಬ ಎರಡು ಆಸನಗಳ ಜರ್ಮನ್ ಗ್ಲೈಡರು ಒಂದು ಮೀಟರು ಕೆಳಗಿಳಿಯುವಷ್ಟರಲ್ಲಿ ಸುಮಾರು ೩೪ ಮೀಟರು ಮುಂದೆ ಸಾಗಬಲ್ಲುದು. ಎಂದರೆ ಎತ್ತರವೇ ಅದರ ಬಂಡವಾಳ. ತಿಂಗಳ ಮೊದಲಲ್ಲಿ ಬಂದ ಸಂಬಳದಲ್ಲಿ ಕೊನೆಯ ದಿನದವರೆಗೆ ಸಂಸಾರ ತೂಗಿಸುವ ಗೃಹಸ್ಥನಂತೆ, ಚಾಲಕನು ಕೈಯಲ್ಲಿರುವ ಎತ್ತರದಲ್ಲಿಯೇ ಪಯಣವನ್ನು ಮುಗಿಸಿ ಮೈದಾನಕ್ಕೆ ಹಿಂತಿರುಗಬೇಕು. ದಾರಿಯಲ್ಲಿ ಬಿಸಿಗಾಳಿ ಸಿಕ್ಕಿದರೆ ಅದು ಅನಿರೀಕ್ಷಿತ ಲಾಭ. ಅದನ್ನು ನಂಬಿ ಮೊದಲೇ ಖರ್ಚು ಮಾಡುವಂತಿಲ್ಲ.

ಇಂತಹ ವಿಮಾನದಲ್ಲಿ ವಿದ್ಯಾರ್ಥಿಯೊಬ್ಬ ಮೊಟ್ಟಮೊದಲ ಬಾರಿಗೆ ಒಬ್ಬನೇ ಕುಳಿತು ಹಾರುವ ದಿನವೊಂದು ಬರುತ್ತದೆ. ಅಲ್ಲಿಯವರೆಗೆ ಹಿಂದಿನ ಆಸನದಲ್ಲಿ ಕುಳಿತು ತಿದ್ದುತ್ತಿದ್ದ ಶಿಕ್ಷಕ ಅಂದು ಕೆಳಗಿಳಿದು ನಿಲ್ಲುತ್ತಾನೆ. ಆ ಹಾರಾಟ ಮುಗಿಯಲು ಐದಾರು ನಿಮಿಷಗಳು ಸಾಕು. ಆದರೆ ಆ ಐದಾರು ನಿಮಿಷಗಳನ್ನು ಮನುಷ್ಯರ ಕೈಗೆ ಕ್ಷೇಮವಾಗಿ ಒಪ್ಪಿಸುವುದು ಹೇಗೆಂಬುದನ್ನು ಕಂಡುಕೊಳ್ಳಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು, ಪ್ರಾಣಗಳೂ ಹೋದುವು.

ಗುರುವಿಲ್ಲದ ವಿದ್ಯೆ

ಮೊದಮೊದಲು ಹಾರಲು ಹೊರಟವರಿಗೆ ಗುರುಗಳೆಂಬುವರೇ ಇರಲಿಲ್ಲ. ಜರ್ಮನಿಯ ಎಂಜಿನಿಯರ್ ಓಟೋ ಲಿಲಿಯೆಂತಾಲ್ ಕೊಕ್ಕರೆಗಳ ಹಾರಾಟವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿ, ಮರದ ಕಡ್ಡಿಗಳಿಗೆ ಬಟ್ಟೆ ಹೊದಿಸಿದ ರೆಕ್ಕೆಗಳನ್ನು ತಾನೇ ತಯಾರಿಸಿ, ೧೮೯೧ರಲ್ಲಿ ದಿಣ್ಣೆಗಳ ಮೇಲಿಂದ ಗಾಳಿಗೆ ಎದುರಾಗಿ ಓಡಿ ತೇಲತೊಡಗಿದ. ಬರ್ಲಿನ್ ನಗರದ ಹತ್ತಿರ ಇದಕ್ಕೆಂದೇ ೧೫ ಮೀಟರು ಎತ್ತರದ ಕೃತಕ ಗುಡ್ಡವೊಂದನ್ನು ೧೮೯೪ರಲ್ಲಿ ಕಟ್ಟಿಸಿದ. ಅವನ ಯಂತ್ರದಲ್ಲಿ ಹಿಡಿಗೋಲಾಗಲಿ ಚುಕ್ಕಾಣಿಯಾಗಲಿ ಇರಲಿಲ್ಲ. ತೋಳುಗಳಿಂದ ಜೋತುಬಿದ್ದು, ಕಾಲುಗಳನ್ನು ಅತ್ತಿತ್ತ ಬೀಸಿ ದೇಹದ ಭಾರವನ್ನು ಸರಿಸುವುದೊಂದೇ ಅವನಿಗಿದ್ದ ಉಪಾಯ.

ಹೀಗೆ ಆತ ಎರಡು ಸಾವಿರದಷ್ಟು ಸಲ ಹಾರಿದ. ೧೮೯೬ರ ಆಗಸ್ಟ್ ೯ರಂದು ಅವನ ಗ್ಲೈಡರು ಗಾಳಿಯಲ್ಲಿ ಹಿಡಿತ ತಪ್ಪಿ ನೆಲಕ್ಕೆ ಬಿದ್ದಿತು. ಬೆನ್ನುಮೂಳೆ ಮುರಿದಿದ್ದ ಲಿಲಿಯೆಂತಾಲ್ ಮರುದಿನ ತೀರಿಕೊಂಡ. ಆಗ ಅವನ ವಯಸ್ಸು ೪೮.

ಈ ಸುದ್ದಿಯನ್ನು ಓದಿ ಮನಸ್ಸಿಗೆ ಹಚ್ಚಿಕೊಂಡವರಲ್ಲಿ ಅಮೆರಿಕದಲ್ಲಿ ಬೈಸಿಕಲ್ ಅಂಗಡಿ ಇಟ್ಟಿದ್ದ ರೈಟ್ ಸೋದರರೂ ಸೇರಿದ್ದರು. ಅಣ್ಣನಾದ ವಿಲ್ಬರ್ ರೈಟ್ ಮುಂದೆ ಒಂದು ಲೆಕ್ಕ ಹಾಕಿದ. ಲಿಲಿಯೆಂತಾಲ್ ಐದು ವರ್ಷಗಳ ಕಾಲ ಶ್ರಮಿಸಿದರೂ, ಅವನು ನಿಜವಾಗಿ ಗಾಳಿಯಲ್ಲಿ ಇದ್ದ ಹೊತ್ತನ್ನೆಲ್ಲ ಕೂಡಿಸಿದರೆ ಐದು ಗಂಟೆಗಳಷ್ಟು ಮಾತ್ರ ಆಗುತ್ತಿತ್ತು! ಒಂದೊಂದು ಸಲಕ್ಕೆ ಕೆಲವೇ ಸೆಕೆಂಡುಗಳಂತೆ ಒಟ್ಟು ಐದು ಗಂಟೆ ಬೈಸಿಕಲ್ ತುಳಿದವನು ಜನಸಂದಣಿಯ ಬೀದಿಯಲ್ಲಿ ಸವಾರಿ ಮಾಡಲು ಸಾಧ್ಯವೆ? ತೊಡಕಿರುವುದು ರೆಕ್ಕೆಯಲ್ಲಿ ಮಾತ್ರವಲ್ಲ, ಅಭ್ಯಾಸದ ಕೊರತೆಯಲ್ಲಿ ಎಂಬುದನ್ನು ಸೋದರರು ಕಂಡುಕೊಂಡರು. ಕಿಟಿ ಹಾಕ್ ಎಂಬ ಕಡಲತೀರದ ಮರಳುದಿಬ್ಬಗಳಲ್ಲಿ ೧೯೦೦ರಿಂದ ೧೯೦೨ರವರೆಗೆ ಗ್ಲೈಡರುಗಳನ್ನು ಹಾರಿಸಿ, ಕೊನೆಯ ವರ್ಷವೊಂದರಲ್ಲಿಯೇ ಏಳುನೂರರಿಂದ ಸಾವಿರ ಸಲ ತೇಲಿ ಕೈ ಪಳಗಿಸಿಕೊಂಡರು. ೧೯೦೩ರ ಡಿಸೆಂಬರಿನಲ್ಲಿ ಅವರ ಎಂಜಿನ್ ವಿಮಾನ ಮೇಲೆದ್ದಿತೆಂದು ಲೋಕವೆಲ್ಲ ಬಲ್ಲದು. ಅದಕ್ಕೆ ಮೊದಲು ಅವರು ಗ್ಲೈಡರಿನ ವಿದ್ಯಾರ್ಥಿಗಳಾಗಿದ್ದರೆಂಬುದನ್ನು ನೆನೆಯುವವರು ಕಡಿಮೆ.

ಗುರು ನೆಲದ ಮೇಲೆ

ಮೊದಲನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಯ ಮೇಲೆ ೧೯೧೯ರ ವರ್ಸೇಲ್ಸ್ ಒಪ್ಪಂದ ಕಟ್ಟುಪಾಡುಗಳನ್ನು ಹೇರಿತು. ವಾಯುಸೇನೆ ಇರಕೂಡದು, ವಿಮಾನಗಳ ತಯಾರಿಕೆಗೂ ಅಡ್ಡಿ. ಆದರೆ ಎಂಜಿನ್ ಇಲ್ಲದ ವಿಮಾನದ ಗೊಡವೆಗೆ ಯಾರೂ ಹೋಗಿರಲಿಲ್ಲ. ವಿಮಾನಯಾನಕ್ಕೆ ಮೀಸಲಾದ ಪತ್ರಿಕೆಯೊಂದರ ಸಂಪಾದಕನಾಗಿದ್ದ ಓಸ್ಕರ್ ಉರ್ಸಿನಸ್ ಎಂಬಾತ ತರುಣರನ್ನೆಲ್ಲ ರ‍್ಹೋನ್ ಬೆಟ್ಟಸೀಮೆಯ ವಾಸರ್‌ಕುಪೆ ಎಂಬ ಗುಡ್ಡಕ್ಕೆ ಕರೆದ. ೧೯೨೦ರ ಬೇಸಗೆಯಲ್ಲಿ ಅಲ್ಲಿ ಮೊದಲ ಗ್ಲೈಡರ್ ಸ್ಪರ್ಧೆ ನಡೆಯಿತು. ೯೫೦ ಮೀಟರು ಎತ್ತರದ ಆ ಬೋಳುಗುಡ್ಡ ಮುಂದೆ ಗ್ಲೈಡರ್ ವಿದ್ಯೆಯ ತವರುಮನೆಯಾಯಿತು.

ಕಲಿಯಲು ಬಂದವರ ಸಂಖ್ಯೆ ಹೆಚ್ಚಿದಂತೆ ಅಗ್ಗದ ಯಂತ್ರ ಬೇಕಾಯಿತು. ಅಲೆಕ್ಸಾಂಡರ್ ಲಿಪಿಶ್ ೧೯೨೬ರಲ್ಲಿ ರೂಪಿಸಿದ ಗ್ಲೈಡರಿಗೆ ‘ತ್ಸೋಗ್ಲಿಂಗ್’ ಎಂಬ ಹೆಸರಿಟ್ಟರು. ವಿದ್ಯಾರ್ಥಿ ಎಂದೇ ಆ ಮಾತಿನ ಅರ್ಥ. ಮರದ ತೊಲೆಯೊಂದರ ಮೇಲೆ ಬರಿಯ ಮಣೆಯಂತಹ ಆಸನ, ತಲೆಯ ಮೇಲೆ ರೆಕ್ಕೆ, ಹಿಂದೆ ತಂತಿಗಳಿಂದ ಬಿಗಿದ ಬಾಲ — ಇಷ್ಟೇ ಅದರ ಸ್ವರೂಪ. ಕುಳಿತವನ ಮುಂದೆ ಗಾಜಾಗಲಿ ಮರೆಯಾಗಲಿ ಇಲ್ಲ. ಒಂದೇ ಆಸನವಾದುದರಿಂದ ಶಿಕ್ಷಕನು ಜೊತೆಗೆ ಹೋಗುವ ಮಾತೇ ಇಲ್ಲ. ಮೊದಲ ದಿನದ ಮೊದಲ ಜಿಗಿತದಿಂದಲೇ ಶಿಷ್ಯ ಒಂಟಿ.

ಗ್ಲೈಡರನ್ನು ಗಾಳಿಗೆ ಬಿಡುತ್ತಿದ್ದ ಬಗೆ ಕವಣೆಯಿಂದ ಕಲ್ಲು ಹೊಡೆದಂತೆ. ಅದರ ಮೂತಿಯ ಕೊಕ್ಕೆಗೆ ದಪ್ಪ ರಬ್ಬರು ಹಗ್ಗದ ನಡುಭಾಗವನ್ನು ಸಿಕ್ಕಿಸಿ, ಎರಡು ತುದಿಗಳನ್ನು ಎರಡು ತಂಡಗಳು ಹಿಡಿದು ಗುಡ್ಡದ ಇಳಿಜಾರಿನತ್ತ ನಿಲ್ಲುತ್ತಿದ್ದುವು. ಕೆಲವರು ಬಾಲವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದರು. ಎಳೆಯಿರಿ, ಓಡಿರಿ, ಬಿಡಿರಿ ಎಂಬ ಮೂರು ಆಜ್ಞೆಗಳು. ಮೂರನೆಯ ಆಜ್ಞೆಗೆ ಗ್ಲೈಡರು ಚಿಮ್ಮಿ ಹೊರಡುತ್ತಿತ್ತು. ಮೊದಲು ನೆಲದ ಮೇಲೆಯೇ ಜಾರುವುದು, ಆಮೇಲೆ ಒಂದಾಳೆತ್ತರದ ಜಿಗಿತ, ಅನಂತರ ಅರ್ಧ ನಿಮಿಷದ ನೇರ ಹಾರಾಟ, ಹೀಗೆ ಮೆಟ್ಟಲು ಮೆಟ್ಟಲಾಗಿ ಕಲಿಕೆ. ಒಂದೊಂದು ಹಂತ ದಾಟಿದಾಗಲೂ ನೀಲಿ ಬಿಲ್ಲೆಯ ಮೇಲೆ ಒಂದೊಂದು ಬಿಳಿಯ ಕಡಲಹಕ್ಕಿ ಹೆಚ್ಚಾಗುತ್ತಿತ್ತು. ಮೂರು ಹಕ್ಕಿಗಳ ಬಿಲ್ಲೆ ಧರಿಸಿದವನಿಗೆ ಗೆಳೆಯರ ನಡುವೆ ಬಹಳ ಗೌರವ.

ನೆಲದ ಮೇಲೆ ನಿಂತ ಶಿಕ್ಷಕನ ಕೈಯಲ್ಲಿದ್ದ ಅಧಿಕಾರವೆಂದರೆ ಮಾತು ಮಾತ್ರ. ಗ್ಲೈಡರು ಚಿಮ್ಮಿದ ಮೇಲೆ ಅದೂ ಕೇಳಿಸದು. ಇದರ ಪಾಡನ್ನು ತಿಳಿಯಲು ಹಾನಾ ರೈಟ್ಶ್ ಎಂಬ ಜರ್ಮನ್ ತರುಣಿಯ ಕಥೆಯನ್ನು ನೋಡಬಹುದು. ಕಣ್ಣಿನ ವೈದ್ಯರೊಬ್ಬರ ಮಗಳಾದ ಈಕೆ ೧೯೩೨ರಲ್ಲಿ, ತನ್ನ ಇಪ್ಪತ್ತನೆಯ ವಯಸ್ಸಿನಲ್ಲಿ, ಗ್ರುನಾವ್ ಗ್ಲೈಡರ್ ಶಾಲೆಯನ್ನು ಸೇರಿದಳು. ಹುಡುಗರ ನಡುವೆ ಒಬ್ಬಳೇ ಹುಡುಗಿ, ಆಳೂ ಗಿಡ್ಡ. ನೆಲದ ಮೇಲೆ ಜಾರಿದರೆ ಸಾಕು, ಮೇಲೇಳಕೂಡದು ಎಂದು ಆಜ್ಞೆಯಾಗಿತ್ತು. ಈಕೆ ಆಸೆ ತಡೆಯಲಾರದೆ ಹಿಡಿಗೋಲನ್ನು ಹಿಂದಕ್ಕೆಳೆದಳು. ಗ್ಲೈಡರು ಆಕಾಶಕ್ಕೆ ನೆಗೆದು ಬಿದ್ದಿತು. ಪ್ರಾಣ ಉಳಿದುದೇ ಹೆಚ್ಚು. ಆಜ್ಞೆ ಮೀರಿದ್ದಕ್ಕೆ ಮೂರು ದಿನ ಹಾರಕೂಡದೆಂಬ ಶಿಕ್ಷೆಯಾಯಿತು. ಆ ರಾತ್ರಿಗಳಲ್ಲಿ ಹಾಸಿಗೆಯ ಮೇಲೆ ಕುಳಿತು ಊರುಗೋಲೊಂದನ್ನು ಹಿಡಿಗೋಲೆಂದು ಭಾವಿಸಿ ಅಭ್ಯಾಸ ಮಾಡಿದುದನ್ನು ಆಕೆಯೇ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾಳೆ. ಆಕೆ ಮುಂದೆ ಜಗದ್ವಿಖ್ಯಾತ ಚಾಲಕಿಯಾದುದೂ ನಿಜ. ಹಿಟ್ಲರನ ಆಳ್ವಿಕೆಗೆ ತನ್ನ ವಿದ್ಯೆಯನ್ನು ಒಪ್ಪಿಸಿ ಆ ಕಳಂಕವನ್ನು ಕೊನೆಯವರೆಗೂ ಹೊತ್ತುದೂ ನಿಜ. ಆದರೆ ಗ್ರುನಾವ್ ಗುಡ್ಡದ ಘಟನೆಯಿಂದ ತಿಳಿಯಬೇಕಾದ ಪಾಠ ಬೇರೆ. ಶಿಷ್ಯರ ಉತ್ಸಾಹ ಶಿಕ್ಷಕನ ಕೂಗನ್ನು ಮೀರಿ ಹೋದಾಗ ಅದನ್ನು ಹಿಡಿದು ನಿಲ್ಲಿಸುವ ಕೈ ಗ್ಲೈಡರಿನಲ್ಲಿ ಇರಲಿಲ್ಲ.

ಗುರು ಬೆನ್ನ ಹಿಂದೆ

ಎರಡನೆಯ ಮಹಾಯುದ್ಧದ ನಂತರ ಈ ಪದ್ಧತಿ ಕ್ರಮೇಣ ಹಿಂದೆ ಸರಿಯಿತು. ಎರಡು ಆಸನಗಳ ಗ್ಲೈಡರುಗಳು ಬಂದುವು. ಶಿಷ್ಯ ಮುಂದೆ, ಶಿಕ್ಷಕ ಹಿಂದೆ. ಇಬ್ಬರ ಮುಂದೆಯೂ ಒಂದೊಂದು ಹಿಡಿಗೋಲು, ಇಬ್ಬರ ಕಾಲಡಿಯಲ್ಲಿಯೂ ಚುಕ್ಕಾಣಿಯ ಪೆಡಲುಗಳು. ಒಬ್ಬರು ಅಲುಗಿಸಿದರೆ ಇನ್ನೊಬ್ಬರದೂ ಅಲುಗುತ್ತದೆ. ಅಕ್ಷರಾಭ್ಯಾಸದ ದಿನ ತಂದೆ ಮಗುವಿನ ಕೈಹಿಡಿದು ಅಕ್ಕಿಯ ಮೇಲೆ ಓಂಕಾರ ಬರೆಸುವಂತೆ, ಶಿಕ್ಷಕನ ಕೈಚಲನೆ ಶಿಷ್ಯನ ಅಂಗೈಗೆ ನೇರವಾಗಿ ಮುಟ್ಟುತ್ತದೆ.

ಮೊದಲ ಪಾಠ ನೇರವಾಗಿ ಹೋಗುವುದು. ಕೇಳಲು ಸುಲಭ, ಮಾಡಲು ಕಷ್ಟ. ಗ್ಲೈಡರಿನ ಮೂತಿ ಮೇಲೆದ್ದರೆ ವೇಗ ತಗ್ಗುತ್ತದೆ, ಕೆಳಗಾದರೆ ಹೆಚ್ಚುತ್ತದೆ. ವೇಗಮಾಪಕ, ಎತ್ತರಮಾಪಕ, ಏರಿಳಿತವನ್ನು ತೋರಿಸುವ ವೇರಿಯೋಮೀಟರ್ ಇವೆಲ್ಲ ಮುಂದೆ ಇರುತ್ತವೆ. ಆದರೆ ಅತ್ಯಂತ ನಂಬಿಕೆಯ ಉಪಕರಣ ಯಾವುದೆಂದರೆ ಎದುರಿನ ಮುಚ್ಚಳದ ಮೇಲೆ ಅಂಟಿಸಿದ ಒಂದು ಗೇಣಿಗಿಂತ ಚಿಕ್ಕದಾದ ಉಣ್ಣೆಯ ನೂಲು! ಗ್ಲೈಡರು ಗಾಳಿಗೆ ನೇರವಾಗಿದ್ದರೆ ನೂಲು ನೇರವಾಗಿರುತ್ತದೆ. ಓರೆಯಾದರೆ ನೂಲೂ ಓರೆಯಾಗಿ ತಪ್ಪನ್ನು ಎತ್ತಿ ತೋರಿಸುತ್ತದೆ. ಇನ್ನೊಂದು ಉಪಕರಣ ಕಿವಿ. ಎಂಜಿನ್ನಿನ ಸದ್ದಿಲ್ಲವಾದುದರಿಂದ ಗಾಳಿಯ ಸುಯ್ಯೆಂಬ ನಾದವೊಂದೇ ಕೇಳಿಸುತ್ತದೆ. ಅನುಭವಿ ಚಾಲಕನಿಗೆ ಆ ಶ್ರುತಿ ಏರಿದರೆ ವೇಗ ಏರಿತೆಂದು ಗೊತ್ತು. ಸದ್ದು ಅಡಗಿ ಮೌನವಾಗುತ್ತ ಬಂದರೆ ಅಪಾಯ ಹತ್ತಿರವಾಯಿತೆಂದೇ ಅರ್ಥ.

ಆ ಅಪಾಯಕ್ಕೆ ಸ್ಟಾಲ್ ಎಂದು ಹೆಸರು. ಮೂತಿಯನ್ನು ಅತಿಯಾಗಿ ಎತ್ತಿದಾಗ ರೆಕ್ಕೆಯ ಮೇಲೆ ನುಣ್ಣಗೆ ಹರಿಯುತ್ತಿದ್ದ ಗಾಳಿ ಕದಡಿಹೋಗಿ, ರೆಕ್ಕೆ ಭಾರವನ್ನು ಹೊರಲಾರದಂತಾಗುತ್ತದೆ. ಒಂದು ರೆಕ್ಕೆ ಮೊದಲು ಸೋತರಂತೂ ಗ್ಲೈಡರು ಬುಗುರಿಯಂತೆ ಸುತ್ತುತ್ತ ಕೆಳಗಿಳಿಯುತ್ತದೆ. ಬೀಳುತ್ತಿರುವವನಿಗೆ ಹಿಡಿಗೋಲನ್ನು ತನ್ನತ್ತ ಎಳೆದುಕೊಳ್ಳಬೇಕೆಂದು ತೋರುವುದು ಸಹಜ. ಆದರೆ ಪಾರಾಗುವ ದಾರಿ ಅದಕ್ಕೆ ತದ್ವಿರುದ್ಧ. ಸುತ್ತಿಗೆ ಎದುರಾದ ಪೆಡಲನ್ನು ಪೂರ್ತಿ ಒತ್ತಿ, ಹಿಡಿಗೋಲನ್ನು ಮುಂದಕ್ಕೆ ತಳ್ಳಬೇಕು. ನೆಲ ಎದುರಿಗೆ ತಿರುಗುತ್ತಿರುವಾಗ ಮೂತಿಯನ್ನು ನೆಲದತ್ತಲೇ ತಳ್ಳುವುದು ಮನಸ್ಸಿಗೆ ಒಪ್ಪದ ಕೆಲಸ. ಕೈಯೇ ತಾನಾಗಿ ಅದನ್ನು ಮಾಡುವವರೆಗೆ ಶಿಕ್ಷಕನು ಸಾಕಷ್ಟು ಎತ್ತರದಲ್ಲಿ ಮತ್ತೆ ಮತ್ತೆ ಇದನ್ನು ಮಾಡಿಸುತ್ತಾನೆ.

ಇನ್ನೊಂದು ಪಾಠ ಹಗ್ಗ ಹರಿದಾಗಿನದು. ಬಹುಪಾಲು ಶಾಲೆಗಳಲ್ಲಿ ಗ್ಲೈಡರನ್ನು ಮೇಲಕ್ಕೆತ್ತುವುದು ವಿಂಚ್ ಎಂಬ ಯಂತ್ರ. ಮೈದಾನದ ಆ ತುದಿಯಲ್ಲಿ ನಿಂತ ಅದು ಒಂದು ಕಿಲೋಮೀಟರು ಉದ್ದದ ಹಗ್ಗವನ್ನು ರಭಸದಿಂದ ಸುತ್ತಿಕೊಂಡಾಗ, ಹುಡುಗರು ದಾರ ಹಿಡಿದು ಓಡಿದರೆ ಗಾಳಿಪಟ ಮೇಲೇರುವಂತೆ ಗ್ಲೈಡರು ಕಡಿದಾಗಿ ಮೇಲೇರುತ್ತದೆ. ಒಂದು ನಿಮಿಷಕ್ಕಿಂತ ಕಡಿಮೆ ಅವಧಿಯಲ್ಲಿ ೩೦೦ರಿಂದ ೪೦೦ ಮೀಟರು ಎತ್ತರ! ಈ ಏರಿಕೆಯ ನಡುವೆ ಹಗ್ಗ ಹರಿದರೆ ಯೋಚಿಸಲು ಬಿಡುವಿಲ್ಲ. ಮೊದಲು ಮೂತಿಯನ್ನು ಕೆಳಗಿಳಿಸಿ ವೇಗವನ್ನು ಗಳಿಸಬೇಕು. ಆಮೇಲೆ ಮುಂದೆ ಮೈದಾನ ಉಳಿದಿದ್ದರೆ ನೇರವಾಗಿ ಇಳಿಯಬೇಕು, ಇಲ್ಲವಾದರೆ ಸುತ್ತಿ ಬರಬೇಕು. ಶಿಕ್ಷಕನು ಮುನ್ಸೂಚನೆ ಕೊಡದೆ ತಾನೇ ಹಗ್ಗವನ್ನು ಬಿಡಿಸಿ ಶಿಷ್ಯನ ಕೈಗಳನ್ನು ಗಮನಿಸುವುದುಂಟು.

ಹೀಗೆ ಐವತ್ತೋ ಎಂಬತ್ತೋ ಹಾರಾಟಗಳು ಕಳೆಯುತ್ತವೆ. ಬರಬರುತ್ತ ಹಿಂದಿನ ಆಸನದ ಮಾತುಗಳು ಕಡಿಮೆಯಾಗುತ್ತವೆ. ಶಿಕ್ಷಕನ ಕೈಗಳು ಹಿಡಿಗೋಲಿನಿಂದ ದೂರ ಸರಿದು ಮಡಿಲಲ್ಲಿ ನೆಲಸುತ್ತವೆ. ಮುಂದೆ ಕುಳಿತವನಿಗೆ ಇದು ಕಾಣುವುದಿಲ್ಲ. ತನ್ನನ್ನು ಯಾರೋ ಕಾಯುತ್ತಿದ್ದಾರೆಂಬ ಭರವಸೆಯಲ್ಲಿಯೇ ಆತ ಹಾರುತ್ತಿರುತ್ತಾನೆ. ನಿಜವಾಗಿ ನೋಡಿದರೆ ಎಷ್ಟೋ ದಿನಗಳಿಂದ ಅವನು ಒಬ್ಬನೇ ಹಾರುತ್ತಿರುತ್ತಾನೆ. ಅದು ಅವನಿಗೆ ತಿಳಿದಿರುವುದಿಲ್ಲ, ಅಷ್ಟೆ.

ಆ ದಿನ

ಬಹುಮಟ್ಟಿಗೆ ಆ ದಿನವನ್ನು ಮೊದಲೇ ತಿಳಿಸುವುದಿಲ್ಲ. ತಿಳಿಸಿದರೆ ಶಿಷ್ಯನಿಗೆ ಹಿಂದಿನ ರಾತ್ರಿ ನಿದ್ದೆ ಬಾರದು. ಗಾಳಿ ಶಾಂತವಾಗಿರುವ ಬೆಳಗ್ಗೆಯೋ ಸಂಜೆಯೋ, ಒಂದೆರಡು ಹಾರಾಟ ಚೆನ್ನಾಗಿ ನಡೆದ ಮೇಲೆ, ಶಿಕ್ಷಕ ತನ್ನ ಸೊಂಟದ ಪಟ್ಟಿಗಳನ್ನು ಬಿಚ್ಚಿ ಕೆಳಗಿಳಿಯುತ್ತಾನೆ. ಈ ಸಲ ನೀನೊಬ್ಬನೇ ಹೋಗು ಎಂಬ ಅರ್ಥದ ನಾಲ್ಕು ಮಾತು. ಆಮೇಲೆ ಆತ ಬಾಗಿ, ತಾನು ಬಿಟ್ಟಿಳಿದ ಆಸನದ ಪಟ್ಟಿಗಳನ್ನು ಮತ್ತೆ ಒಂದಕ್ಕೊಂದು ಸೇರಿಸಿ ಬಿಗಿಯುತ್ತಾನೆ. ಆಳಿಲ್ಲದ ಆಸನಕ್ಕೆ ಪಟ್ಟಿ ಏತಕ್ಕೆ? ಸಡಿಲವಾಗಿ ಬಿಟ್ಟ ಪಟ್ಟಿ ಗಾಳಿಯಲ್ಲಿ ಅಲುಗಾಡಿ ಹಿಂದಿನ ಹಿಡಿಗೋಲಿಗೆ ತೊಡರಿಕೊಂಡರೆ ಮುಂದಿನ ಹಿಡಿಗೋಲೂ ಸಿಕ್ಕಿಬೀಳುತ್ತದೆ. ಶಿಷ್ಯನ ಕ್ಷೇಮಕ್ಕಾಗಿ ಅಂದು ಶಿಕ್ಷಕ ತನ್ನ ಕೈಯಾರೆ ಮಾಡಬಹುದಾದ ಕೊನೆಯ ಕೆಲಸ ಅದು.

ಇನ್ನು ಶಿಷ್ಯನ ಸರದಿ. ಹಿಡಿಗೋಲು ಪೆಡಲುಗಳು ಸರಾಗವಾಗಿ ಆಡುತ್ತವೆಯೆ? ಆಸನದಲ್ಲಿರುವ ಭಾರ ಸಾಕಷ್ಟಿದೆಯೆ? ಹಗುರವಾದ ಹುಡುಗ ಹುಡುಗಿಯರಿಗೆ ಮುಂದೆ ಸೀಸದ ತುಂಡುಗಳನ್ನಿಟ್ಟು ತೂಕ ಸರಿಹೊಂದಿಸುವುದುಂಟು. ಮುಚ್ಚಳ ಭದ್ರವಾಗಿದೆಯೆ? ರೆಕ್ಕೆಯ ಗಾಳಿತಡೆಗಳು ಮುಚ್ಚಿವೆಯೆ? ಹಗ್ಗ ಹರಿದರೆ ಏನು ಮಾಡಬೇಕು? ಈ ಪ್ರಶ್ನೆಗಳನ್ನೆಲ್ಲ ಅವನು ಕ್ರಮವಾಗಿ ಗಟ್ಟಿಯಾಗಿ ಹೇಳಿಕೊಳ್ಳುತ್ತಾನೆ. ಇಷ್ಟು ದಿನ ಹಿಂದಿನಿಂದ ‘ಸರಿ’ ಎಂಬ ದನಿಯೊಂದು ಬರುತ್ತಿತ್ತು. ಇಂದು ಇಲ್ಲ.

ಹಗ್ಗ ಬಿಗಿಯಾಗುತ್ತದೆ. ಗ್ಲೈಡರು ಓಡತೊಡಗಿ ನಾಲ್ಕೈದು ಸೆಕೆಂಡುಗಳಲ್ಲಿ ನೆಲ ಬಿಡುತ್ತದೆ. ಶಿಷ್ಯನಿಗೆ ತಿಳಿಯುವ ಮೊದಲ ಹೊಸತು ಮಾತೆಂದರೆ ಭಾರದ ವ್ಯತ್ಯಾಸ. ಖಾಲಿಯಾಗಿ ೩೬೦ ಕಿಲೋ ತೂಗುವ ಗ್ಲೈಡರಿನಿಂದ ಎಪ್ಪತ್ತೆಂಬತ್ತು ಕಿಲೋ ತೂಕದ ಮನುಷ್ಯ ಇಳಿದುಹೋದರೆ ಅದು ಕಡಿಮೆಯೆ? ಹಗುರವಾದ ಗ್ಲೈಡರು ಎಂದಿಗಿಂತ ಚುರುಕಾಗಿ ಏರುತ್ತದೆ, ಎಂದಿಗಿಂತ ಹೆಚ್ಚು ಎತ್ತರ ಮುಟ್ಟುತ್ತದೆ. ತುದಿ ಮುಟ್ಟಿದಾಗ ಮೂತಿಯನ್ನು ಬಗ್ಗಿಸಿ ಹಳದಿಯ ಗುಬುಟನ್ನು ಎಳೆದರೆ ಹಗ್ಗ ಕಳಚಿ ಬೀಳುತ್ತದೆ. ಅಲ್ಲಿಗೆ ಭೂಮಿಯ ಸಂಬಂಧ ತೀರಿತು. ಗಾಳಿಯ ಸದ್ದು ತಗ್ಗಿ ಒಂದು ಬಗೆಯ ನಿಶ್ಶಬ್ದ ಆವರಿಸುತ್ತದೆ. ಕೆಳಗೆ ಮೈದಾನ ಚಾಪೆಯಷ್ಟಾಗಿ, ಜನ ಇರುವೆಗಳಾಗಿ ಕಾಣುತ್ತಾರೆ.

ಆದರೆ ನೋಟವನ್ನು ಸವಿಯುತ್ತ ಕುಳಿತಿರಲು ಸಮಯವಿಲ್ಲ. ಬಂಡವಾಳ ಸೆಕೆಂಡಿಗೆ ಸುಮಾರು ಒಂದು ಮೀಟರಿನಂತೆ ಕರಗುತ್ತಿದೆ. ೨೦೦ ಮೀಟರಿನ ಆಸುಪಾಸಿಗೆ ಬಂದಾಗ ಮೈದಾನದ ಪಕ್ಕದಲ್ಲಿ ಗೊತ್ತಾದ ಜಾಗದಲ್ಲಿರಬೇಕು. ಅಲ್ಲಿಂದ ಗಾಳಿ ಬೀಸುವ ದಿಕ್ಕಿನಲ್ಲಿಯೇ ಮೈದಾನಕ್ಕೆ ಸಮವಾಗಿ ಸಾಗಿ, ಒಂದು ತಿರುವು, ಮತ್ತೊಂದು ತಿರುವು, ಅನಂತರ ಗಾಳಿಗೆ ಎದುರಾಗಿ ಇಳಿಯುವ ದಾರಿ. ಎಂಜಿನ್ ಇರುವ ವಿಮಾನದ ಚಾಲಕನಿಗೆ ಇಳಿಯುವಾಗ ಅಳತೆ ತಪ್ಪಿದರೆ ಮತ್ತೆ ಮೇಲೇರಿ ಇನ್ನೊಂದು ಸುತ್ತು ಬರಬಹುದು. ಗ್ಲೈಡರಿನವನಿಗೆ ಆ ಭಾಗ್ಯವಿಲ್ಲ. ಮೊದಲ ಸಲವೇ ಸರಿಯಾಗಬೇಕು. ಎತ್ತರ ಹೆಚ್ಚಾಗಿದ್ದರೆ ಗಾಳಿತಡೆಗಳನ್ನು ತೆರೆದು ಕಳೆಯಬಹುದು. ಕಡಿಮೆಯಾಗಿದ್ದರೆ ಎಲ್ಲಿಂದ ತರುವುದು? ಆದುದರಿಂದ ಸದಾ ಒಂದಿಷ್ಟು ಮಿಗಿಸಿಕೊಂಡು ಬಂದು, ಕೊನೆಯಲ್ಲಿ ಬೇಕಾದಷ್ಟನ್ನೇ ಬಿಟ್ಟುಕೊಡುವುದು ಜಾಣ ಚಾಲಕನ ಕ್ರಮ.

ಗಂಟೆಗೆ ನೂರು ಕಿಲೋಮೀಟರಿಗೆ ಸಮೀಪದ ವೇಗದಲ್ಲಿ ನೆಲ ಹತ್ತಿರವಾಗುತ್ತದೆ. ಹುಲ್ಲಿನ ಎಸಳುಗಳು ಬೇರೆಬೇರೆಯಾಗಿ ಕಾಣುವಷ್ಟು ಹತ್ತಿರ ಬಂದಾಗ ಹಿಡಿಗೋಲನ್ನು ಮೆಲ್ಲಗೆ ಹಿಂದಕ್ಕೆ ತರಬೇಕು. ಹಗುರವಾದ ಗ್ಲೈಡರು ನೆಲದ ಮೇಲೆ ಎಂದಿಗಿಂತ ಒಂದು ಕ್ಷಣ ಹೆಚ್ಚು ತೇಲುತ್ತದೆ. ಆಮೇಲೆ ಚಕ್ರದ ಗಡಗಡ ಸದ್ದು. ಗ್ಲೈಡರು ನಿಂತು, ಒಂದು ರೆಕ್ಕೆ ಮೆಲ್ಲನೆ ಹುಲ್ಲಿಗೆ ಒರಗುತ್ತದೆ.

ಅಷ್ಟು ಹೊತ್ತು ನೆಲದ ಮೇಲೆ ನಿಂತ ಶಿಕ್ಷಕನ ಸ್ಥಿತಿ ಏನಾಗಿರಬೇಡ! ಮಗಳನ್ನು ಮೊದಲ ಸಲ ಒಬ್ಬಳನ್ನೇ ರೈಲಿಗೆ ಹತ್ತಿಸಿ ಬಂದ ತಂದೆಯ ಮನಸ್ಸನ್ನು ಬಲ್ಲವರಿಗೆ ಅದು ಅರ್ಥವಾದೀತು. ಧೈರ್ಯ ಹೇಳುವಂತಿಲ್ಲ, ಕೈ ನೀಡುವಂತಿಲ್ಲ. ಶಿಷ್ಯನನ್ನು ಬೇಗ ಬಿಟ್ಟರೆ ಪ್ರಾಣಕ್ಕೆ ಅಪಾಯ. ತೀರ ತಡವಾಗಿ ಬಿಟ್ಟರೂ ಕೇಡೇ. ಬೆನ್ನ ಹಿಂದಿನ ದನಿಗೆ ಒಗ್ಗಿಹೋದವನು ತಾನಾಗಿ ತೀರ್ಮಾನಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತಾನೆ. ಸರಿಯಾದ ದಿನ ಯಾವುದೆಂದು ಯಾವ ಮಾಪಕವೂ ಹೇಳದು. ಕೆಲವು ಕ್ಲಬ್ಬುಗಳಲ್ಲಿ ಇನ್ನೊಬ್ಬ ಶಿಕ್ಷಕನೂ ಜೊತೆಯಲ್ಲಿ ಹಾರಿ ನೋಡಿ ಒಪ್ಪಿದ ಮೇಲೆಯೇ ಅನುಮತಿ ಕೊಡುವುದು ಇದಕ್ಕಾಗಿ.

ಇಳಿದು ಬಂದವನಿಗೆ ದೇಶಕ್ಕೊಂದು ಬಗೆಯ ಸತ್ಕಾರ. ಜರ್ಮನಿಯಲ್ಲಿ ಮುಳ್ಳುಗಿಡಗಳ ಹೂಗೊಂಚಲೊಂದನ್ನು ಕೈಗಿತ್ತು, ಬಗ್ಗಿ ನಿಲ್ಲಿಸಿ, ಕ್ಲಬ್ಬಿನವರೆಲ್ಲ ಕುಳಿತುಕೊಳ್ಳುವ ಭಾಗಕ್ಕೆ ಒಂದೊಂದು ಏಟು ಕೊಡುತ್ತಾರೆ! ಬಿಸಿಗಾಳಿಯ ನೂಕನ್ನು ಚಾಲಕ ಮೊದಲು ಅರಿಯುವುದು ಆಸನದ ಮೂಲಕವಾದುದರಿಂದ ಆ ಭಾಗ ಸೂಕ್ಷ್ಮವಾಗಲಿ ಎಂಬ ವಿನೋದ. ಅಮೆರಿಕದಲ್ಲಿ ಷರಟಿನ ಹಿಂಬದಿಯನ್ನು ಕತ್ತರಿಸಿ ಗೋಡೆಗೆ ತೂಗುಹಾಕುವುದುಂಟು. ಹಿಂದಿನ ಕಾಲದ ತೆರೆದ ವಿಮಾನಗಳಲ್ಲಿ ಹಿಂದೆ ಕುಳಿತ ಶಿಕ್ಷಕ ಶಿಷ್ಯನ ಷರಟನ್ನು ಜಗ್ಗಿ ಎಚ್ಚರಿಸುತ್ತಿದ್ದನಂತೆ. ಇನ್ನು ಜಗ್ಗುವ ಅಗತ್ಯವಿಲ್ಲವೆಂಬುದು ಆ ಕತ್ತರಿಯ ಅರ್ಥ.

ಕಲಿತುದು ಕಾಯಿತು

ಐದು ನಿಮಿಷದ ಇಂತಹ ಆಟದಿಂದ ಲೋಕಕ್ಕೆ ಏನು ಪ್ರಯೋಜನವೆಂದು ಕೇಳುವವರಿದ್ದಾರೆ. ೧೯೮೩ರ ಜುಲೈ ೨೩ರಂದು ಕೆನಡಾ ದೇಶದ ಮೇಲೆ ಹಾರುತ್ತಿದ್ದ ಬೋಯಿಂಗ್ ೭೬೭ ವಿಮಾನವೊಂದರ ಇಂಧನ ನಡುದಾರಿಯಲ್ಲಿ ತೀರಿಹೋಯಿತು. ಕಿಲೋಗ್ರಾಮಿನಲ್ಲಿ ಅಳೆಯಬೇಕಾದುದನ್ನು ಪೌಂಡಿನ ಲೆಕ್ಕದಲ್ಲಿ ಅಳೆದು ತುಂಬಿದುದು ಅದಕ್ಕೆ ಕಾರಣ. ೪೧,೦೦೦ ಅಡಿ ಎತ್ತರದಲ್ಲಿ ಹಾರುತ್ತಿದ್ದ, ೬೯ ಜನರನ್ನು ಹೊತ್ತ ಆ ಭಾರಿ ವಿಮಾನದ ಎಂಜಿನ್ನುಗಳು ಒಂದಾದ ಮೇಲೊಂದರಂತೆ ಎರಡೂ ನಿಂತುವು. ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್ ಬಿಡುವಿನ ವೇಳೆಯಲ್ಲಿ ಗ್ಲೈಡರ್ ಹಾರಿಸುತ್ತಿದ್ದ ಮನುಷ್ಯ. ಆತ ವಿಮಾನವನ್ನು ಗ್ಲೈಡರಿನಂತೆಯೇ ತೇಲಿಸಿಕೊಂಡು ಗಿಮ್ಲಿ ಎಂಬ ಊರಿನ ಹಳೆಯ ವಿಮಾನ ನಿಲ್ದಾಣಕ್ಕೆ ತಂದ. ಎತ್ತರ ಹೆಚ್ಚಾಗಿತ್ತು, ಇನ್ನೊಂದು ಸುತ್ತಿಗೆ ಸಾಲುವಷ್ಟಿರಲಿಲ್ಲ. ಆಗ ಆತ ಒಂದು ರೆಕ್ಕೆಯನ್ನು ತಗ್ಗಿಸಿ, ಚುಕ್ಕಾಣಿಯನ್ನು ಎದುರು ದಿಕ್ಕಿಗೆ ಒತ್ತಿ, ವಿಮಾನವನ್ನು ಓರೆಯಾಗಿ ಜಾರಿಸಿದ. ಗಾಳಿ ಪಕ್ಕೆಗೆ ಬಡಿದು ಹೆಚ್ಚಿನ ಎತ್ತರ ಕಳೆದುಹೋಯಿತು. ಇಳಿದಾಗ ಮುಂದಿನ ಚಕ್ರದ ಕಾಲು ಮಡಿಸಿಹೋಯಿತಾದರೂ ಒಬ್ಬರ ಪ್ರಾಣವೂ ಹೋಗಲಿಲ್ಲ. ಓರೆಜಾರಿಕೆಯ ಈ ವಿದ್ಯೆ ಗ್ಲೈಡರ್ ಶಾಲೆಯಲ್ಲಿ ವಿದ್ಯಾರ್ಥಿಗಳು ಕಲಿಯುವ ಪಾಠಗಳಲ್ಲೊಂದು!

ನಮ್ಮ ದೇಶಕ್ಕೂ ಈ ವಿದ್ಯೆ ಹೊಸದಲ್ಲ. ೧೯೫೯ರಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಅವರ ಆಹ್ವಾನದ ಮೇಲೆ ಹಾನಾ ರೈಟ್ಶ್ ಭಾರತಕ್ಕೆ ಬಂದಿದ್ದಳು. ಆಗ ನೆಹರೂ ಅವರು ಆಕೆಯೊಡನೆ ದೆಹಲಿಯ ಮೇಲೆ ಗ್ಲೈಡರಿನಲ್ಲಿ ತೇಲಿದರು. ಪುಣೆಯ ಹಡಪಸರದ ಸರ್ಕಾರಿ ಗ್ಲೈಡಿಂಗ್ ಕೇಂದ್ರದಲ್ಲಿ ಹಲವು ತಲೆಮಾರಿನ ತರುಣರು ಈ ವಿದ್ಯೆ ಕಲಿತರು. ಅದೇ ಕಾಲದಲ್ಲಿ ನಾಗರಿಕ ವಿಮಾನಯಾನ ಇಲಾಖೆಯ ನಮ್ಮ ಎಂಜಿನಿಯರುಗಳು ಗ್ಲೈಡರುಗಳನ್ನು ಇಲ್ಲಿಯೇ ರೂಪಿಸತೊಡಗಿದರು. ಅವುಗಳಿಗೆ ಇಟ್ಟ ಹೆಸರುಗಳನ್ನು ಕೇಳಿದರೆ ಪಂಚಾಂಗವನ್ನು ಬಲ್ಲ ಯಾರಿಗೂ ಸಂತೋಷವಾಗದಿರದು: ಅಶ್ವಿನಿ, ಭರಣಿ, ಕಾರ್ತಿಕ, ರೋಹಿಣಿ, ಮೃಗಶಿರ, ಆರ್ದ್ರಾ. ೧೯೫೮ರಲ್ಲಿ ಮೊದಲು ಹಾರಿದ ಅಶ್ವಿನಿಯಿಂದ ೧೯೭೯ರ ಆರ್ದ್ರಾದವರೆಗೆ ಹೆಸರುಗಳು ನಕ್ಷತ್ರಗಳ ಸಾಲನ್ನೇ ಹಿಡಿದಿವೆ. ೧೯೬೧ರಲ್ಲಿ ಹಾರಿದ ರೋಹಿಣಿಯಲ್ಲಿ ಶಿಕ್ಷಕನೂ ಶಿಷ್ಯನೂ ಹಿಂದೆ ಮುಂದೆ ಕೂರದೆ ಅಕ್ಕಪಕ್ಕದಲ್ಲಿಯೇ ಕುಳಿತುಕೊಳ್ಳುವಂತೆ ಏರ್ಪಾಡಾಗಿತ್ತು. ಅದರಲ್ಲಿ ಕಲಿತವನಿಗೆ ಒಂಟಿ ಹಾರಾಟದ ದಿನ ಬರಿದಾದ ಆಸನ ಪಕ್ಕದಲ್ಲಿಯೇ ಕಣ್ಣಿಗೆ ಬೀಳುತ್ತಿತ್ತು.

ಬ್ರಿಟನ್, ಅಮೆರಿಕ ಮೊದಲಾದ ದೇಶಗಳಲ್ಲಿ ೧೪ ವರ್ಷ ತುಂಬಿದವರಿಗೆ ಗ್ಲೈಡರಿನಲ್ಲಿ ಒಂಟಿಯಾಗಿ ಹಾರಲು ಅವಕಾಶವಿದೆ. ರಸ್ತೆಯಲ್ಲಿ ಕಾರು ನಡೆಸುವ ವಯಸ್ಸಾಗದ ಹುಡುಗಿಯೊಬ್ಬಳು ಆಕಾಶದಲ್ಲಿ ಒಬ್ಬಳೇ ಹಾರಿ ಬರುವುದುಂಟು. ಇದನ್ನು ಕೇಳಿ ತಾಯಂದಿರು ಬೆಚ್ಚಿದರೆ ಅಚ್ಚರಿಯಿಲ್ಲ. ಆದರೆ ಅವಳನ್ನು ಕಳಿಸುವುದು ಅವಳ ಧೈರ್ಯವನ್ನು ಮೆಚ್ಚಿಯಲ್ಲ. ಧೈರ್ಯ ಗ್ರುನಾವ್ ಗುಡ್ಡದ ಹುಡುಗಿಗೂ ಬೇಕಾದಷ್ಟಿತ್ತು. ಹಗ್ಗ ಹರಿದಾಗ ಏನು ಮಾಡುತ್ತಾಳೆ, ಮೂತಿ ಎದ್ದಾಗ ಕೈ ಯಾವ ಕಡೆ ಹೋಗುತ್ತದೆ, ಎತ್ತರ ಮುಗಿಯುವ ಮುನ್ನ ಮನೆಯ ದಾರಿ ಹಿಡಿಯುತ್ತಾಳೆಯೆ ಎಂಬುದನ್ನು ಹಿಂದೆ ಕುಳಿತ ಒಬ್ಬರು ದಿನಗಟ್ಟಲೆ ಮೌನವಾಗಿ ನೋಡಿರುತ್ತಾರೆ. ತಾವು ಇನ್ನು ಬೇಕಾಗಿಲ್ಲವೆಂದು ಅವರಿಗೆ ಖಚಿತವಾದ ದಿನವೇ ಅವರು ಕೆಳಗಿಳಿಯುವುದು.